‘ಯಾರು ಯಾರಿಗೆ ಹೇಳಿದರು’ ಅಂತ ಕೇಳುತ್ತೀರಿ, ಕಥೆ ಹೇಳಿದ್ದು ಯಾರು ಅಂತಲೂ ಕೇಳಿ

ಚಿತ್ರದುರ್ಗ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಪ್ರಾಂಶುಪಾಲರಿಗೆ, ಪ್ರಾಥಮಿಕ ಶಾಲೆಗಳಿಗೆ ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವ ಎಲ್ಲ ಮೇಷ್ಟ್ರು, ಮೇಡಂಗಳಿಗೆ,

ನಮಸ್ಕಾರ.

ನಾನು ಈ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಕನ್ನಡ ಕಲಿಸಿದವಳು. ಈಗ ನಿವೃತ್ತಿಯಾಗಿದೆ. ಸಂಜೆ ಹೊತ್ತು ನಮ್ಮ ಬೀದಿಯ ಹತ್ತು ಹನ್ನೆರಡು ಮಕ್ಕಳು ನಮ್ಮ ಪಡಸಾಲೆಗೆ ಬಂದು ಕೂತು ಓದಿಕೊಳ್ಳುತ್ತಾರೆ. ಹಾಗಾಗಿ ಪಾಠದ ಪುಸ್ತಕ, ಪ್ರಶ್ನೆಪತ್ರಿಕೆ ಇನ್ನೂ ನನ್ನ ಕೈಬಿಟ್ಟಿಲ್ಲ. ಒಂದು ಮಾತು ಬಹಳ ದಿನದಿಂದ ನಿಮಗೆ ಹೇಳಬೇಕು ಅಂದುಕೊಂಡಿದ್ದೆ.

ಕೆಲಸದ ಕೊನೆಯ ವರ್ಷಗಳಲ್ಲಿ ಐದನೇ ತರಗತಿಗೆ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ. ಪುಸ್ತಕದ ಅಭ್ಯಾಸದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಸೇರಿಸಿದ್ದೆ. ‘ಈ ಕಥೆಯನ್ನು ಹೇಳುತ್ತಿರುವವರು ಯಾರು?’ ಕಥೆಯಲ್ಲಿ ಒಬ್ಬ ಹುಡುಗ ತನಗಾದದ್ದನ್ನು ತಾನೇ ಹೇಳಿಕೊಳ್ಳುತ್ತಾನೆ. ಸುಲಭದ ಪ್ರಶ್ನೆ ಅಂದುಕೊಂಡಿದ್ದೆ. ಬಹುಪಾಲು ಮಕ್ಕಳು ಲೇಖಕರ ಹೆಸರು ಬರೆದರು. ಕೆಲವರು ಪಾಠದ ಹೆಸರನ್ನೇ ಬರೆದರು. ಒಬ್ಬಳು ಮಾತ್ರ ‘ಮಿಸ್’ ಅಂತ ಬರೆದಿದ್ದಳು. ನಾನು ಸೊನ್ನೆ ಹಾಕಿದೆ.

ಮಾರನೆ ದಿನ ಆ ಹುಡುಗಿ ಪೇಪರು ಹಿಡಿದು ಮೇಜಿನ ಹತ್ತಿರ ಬಂದಳು. ‘ನೀವೇ ಅಲ್ವಾ ಮಿಸ್ ಹೇಳಿದ್ದು? ಶುಕ್ರವಾರ, ಮಳೆ ಬಂದಿತ್ತಲ್ಲ, ಅವತ್ತು.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳು ಹೇಳಿದ್ದು ನಿಜ. ಆ ಕಥೆ ಅವಳ ಕಿವಿಗೆ ಬಿದ್ದದ್ದು ನನ್ನ ದನಿಯಲ್ಲಿ. ಅವಳ ಪಾಲಿಗೆ ಕಥೆ ಹೇಳಿದವಳು ನಾನೇ. ತರಗತಿಯಲ್ಲಿ ಪ್ರಶ್ನೆಯನ್ನು ನಿಜವಾಗಿ ಯೋಚಿಸಿ ಉತ್ತರ ಬರೆದದ್ದು ಅವಳೊಬ್ಬಳೇ ಇರಬೇಕು. ಉಳಿದವರು ಅಭ್ಯಾಸಬಲದಿಂದ ಬರೆದಿದ್ದರು. ಪುಸ್ತಕದಲ್ಲಿ ಬರೆದ ಲೇಖಕರು ಬೇರೆ, ಅದನ್ನು ಓದಿದ ಮಿಸ್ ಬೇರೆ, ಕಥೆಯೊಳಗೆ ‘ನಾನು’ ಅನ್ನುವ ಹುಡುಗ ಬೇರೆ ಅಂತ ನಾನು ಒಂದು ದಿನವೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡದ್ದಕ್ಕೆ ಸೊನ್ನೆ ಹಾಕಿದ್ದೆ.

ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಒಳ್ಳೆಯ ಪ್ರಶ್ನೆ ಮೊದಲಿನಿಂದಲೂ ಇದೆ. ‘ಈ ಮಾತನ್ನು ಯಾರು ಯಾರಿಗೆ ಹೇಳಿದರು?’ ದೊಡ್ಡ ತರಗತಿಗೆ ಹೋದ ಮೇಲೆ ಅದೇ ಬೆಳೆದು ಸಂದರ್ಭ, ಸ್ವಾರಸ್ಯ ಆಗುತ್ತದೆ. ಅದು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಕೇಳುವುದು ಕಥೆಯೊಳಗಿನ ಮಾತಿನ ಬಗ್ಗೆ ಮಾತ್ರ. ಹುಲಿ ಹಸುವಿಗೆ ಹೇಳಿತು, ರಾಜ ಮಂತ್ರಿಗೆ ಹೇಳಿದ. ಸರಿ. ಹುಲಿ ಹೇಳಿತು ಅಂತ ನಮಗೆ ಹೇಳಿದ್ದು ಯಾರು? ಅವರಿಗೆ ಅದು ಹೇಗೆ ಗೊತ್ತಾಯಿತು? ಈ ಎರಡು ಪ್ರಶ್ನೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಹಿಂದೆ ಇದನ್ನು ಕೇಳುವ ಅಗತ್ಯವೇ ಇರಲಿಲ್ಲ. ಕಥೆ ಹೇಳುವವರು ಕಣ್ಣೆದುರಿಗೆ ಕೂತಿರುತ್ತಿದ್ದರು. ನಮ್ಮ ಜಿಲ್ಲೆಯ ಹಟ್ಟಿಗಳಲ್ಲಿ ಇದು ಇನ್ನೂ ಪೂರ್ತಿ ಹೋಗಿಲ್ಲ. ಚಳ್ಳಕೆರೆ ಸೀಮೆಯ ಜನಪದ ಗಾಯಕಿ ಸಿರಿಯಜ್ಜಿ ಓದು ಬರಹ ಕಲಿತವರಲ್ಲ, ಆದರೆ ಸಾವಿರಾರು ಪದ, ಅಂದರೆ ಹಾಡು, ಅವರ ನೆನಪಿನಲ್ಲಿತ್ತು. ಅಂಥವರ ಎದುರು ಕೂತವರಿಗೆ ಯಾರು ಹೇಳುತ್ತಿದ್ದಾರೆ ಅನ್ನುವ ಅನುಮಾನ ಬರುತ್ತದಾ? ನನ್ನ ಅಜ್ಜಿ ಕಥೆ ಹೇಳುವಾಗ ನಾವು ‘ಹೂಂ’ ಅನ್ನಬೇಕಿತ್ತು. ಹೂಂಗುಟ್ಟುವುದು ನಿಂತರೆ ಅಜ್ಜಿಯೂ ನಿಲ್ಲಿಸಿಬಿಡುತ್ತಿದ್ದಳು. ರಾಕ್ಷಸಿಯ ಮಾತು ಬಂದಾಗ ದನಿ ಬದಲಾಗುತ್ತಿತ್ತು. ತನ್ನ ಮಾತು ಬಂದಾಗ ಎಲೆ ಅಡಿಕೆ ಪಕ್ಕಕ್ಕಿಟ್ಟು ನಮ್ಮ ಮುಖ ನೋಡುತ್ತಿದ್ದಳು. ಮಹಾಭಾರತವೂ ಹೀಗೇ ಬಂದದ್ದು. ವೈಶಂಪಾಯನ ಹೇಳಿದ, ಜನಮೇಜಯ ಕೇಳಿದ. ಅದನ್ನೇ ಸೂತ ನೈಮಿಷಾರಣ್ಯದಲ್ಲಿ ಋಷಿಗಳಿಗೆ ಮತ್ತೆ ಹೇಳಿದ. ಹೇಳುವವನ ಹೆಸರು, ಕೇಳುವವನ ಹೆಸರು ಕಥೆಯೊಳಗೇ ಇದೆ.

ಹಾಳೆಯ ಮೇಲೆ ಅಜ್ಜಿ ಇಲ್ಲ. ದನಿ ಇಲ್ಲ, ಮುಖ ಇಲ್ಲ. ಹೇಳುವವರನ್ನು ಮಗು ಅಕ್ಷರಗಳಲ್ಲೇ ಹುಡುಕಿಕೊಳ್ಳಬೇಕು. ಇದು ತಾನಾಗಿ ಬರುವ ವಿದ್ಯೆ ಅಲ್ಲ, ನಾವು ಕಲಿಸಬೇಕು.

ಹೇಗೆ ಕಲಿಸುವುದು ಅಂತ ನನಗೂ ಗೊತ್ತಿರಲಿಲ್ಲ. ಆ ಹುಡುಗಿ ಹೋದ ಮೇಲೆ ಮನೆಗೆ ಬಂದು ಒಂದು ಹಾಳೆಯಲ್ಲಿ ಐದು ಸಾಲು ಬರೆದೆ. ಮಾರನೆ ದಿನ ಕರಿಹಲಗೆ ಮೇಲೆ ಹಾಕಿದೆ.

‘ಬೆಳಗ್ಗೆ ಎದ್ದಾಗ ಕುರಿಮರಿ ಕಾಣಲಿಲ್ಲ. ಹಟ್ಟಿಯೆಲ್ಲ ಹುಡುಕಿದೆ. “ನಾನು ನೋಡಿಲ್ಲ” ಅಂದಳು ಅವ್ವ. ಅಣ್ಣ ಮಾತಾಡದೆ ಮುಖ ತಿರುಗಿಸಿದ. ಅವನ ಅಂಗಿಗೆ ಉಣ್ಣೆ ಅಂಟಿತ್ತು.’

‘ಇದನ್ನು ಹೇಳ್ತಿರೋದು ಯಾರು?’ ಅಂದೆ. ಅರ್ಧ ತರಗತಿ ಒಟ್ಟಿಗೆ ‘ಅವ್ವ!’ ಅಂತ ಕೂಗಿತು. ಯಾಕೆ ಅಂದರೆ, ‘ನಾನು ಅಂತ ಇದೆಯಲ್ಲ ಮಿಸ್!’ ನೋಡಿ, ಮಕ್ಕಳು ‘ನಾನು’ ಅನ್ನುವ ಪದವನ್ನು ಹುಡುಕುತ್ತಾರೆ. ಈ ಐದು ಸಾಲಿನಲ್ಲಿ ಆ ಪದ ಇರುವುದು ಅವ್ವನ ಬಾಯಲ್ಲಿ ಮಾತ್ರ. ಹೇಳುವವರು ಒಂದು ಸಲವೂ ‘ನಾನು’ ಅಂದಿಲ್ಲ. ಕನ್ನಡದಲ್ಲಿ ಅನ್ನಬೇಕಾಗಿಯೂ ಇಲ್ಲ. ‘ಹುಡುಕಿದೆ’ ಅನ್ನುವ ಕ್ರಿಯಾಪದದ ಬಾಲದಲ್ಲೇ ‘ನಾನು’ ಅಡಗಿದೆ. ಹುಡುಕಿದ, ಹುಡುಕಿದಳು, ಹುಡುಕಿದರು, ಹುಡುಕಿದೆ ಅಂತ ನಾಲ್ಕನ್ನೂ ಪಕ್ಕಪಕ್ಕ ಬರೆದು ತೋರಿಸಿದೆ. ವ್ಯಾಕರಣದ ಪಾಠದಲ್ಲಿ ಬಾಯಿಪಾಠ ಮಾಡಿದ್ದ ಪ್ರತ್ಯಯಗಳು ಅವತ್ತು ಮೊದಲ ಸಲ ಅವರಿಗೆ ಒಂದು ಕೆಲಸಕ್ಕೆ ಬಂದವು.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು, ‘ನಾಯಿನೂ ಇರಬಹುದು ಮಿಸ್. ನಾಯಿ ಹುಡುಕಿದೆ ಅಂತ ಅಂತೀವಲ್ಲ’ ಅಂದ. ಎಲ್ಲರೂ ನಕ್ಕರು. ಆದರೆ ಅವನ ಮಾತು ಸರಿ! ‘ನಾನು ಹುಡುಕಿದೆ’, ‘ನಾಯಿ ಹುಡುಕಿದೆ’, ಎರಡಕ್ಕೂ ಒಂದೇ ರೂಪ. ಮತ್ತೆ ಹೇಗೆ ತೀರ್ಮಾನ ಮಾಡೋದು? ಮುಂದಿನ ಸಾಲು ನೋಡಬೇಕು. ‘ಅಣ್ಣ’ ಅಂತ ಇದೆ. ಅಣ್ಣ ಅನ್ನೋದು ತಮ್ಮ ಅಥವಾ ತಂಗಿ. ಹಾಗಾದರೆ ಹೇಳುತ್ತಿರುವುದು ಹುಡುಗನೋ ಹುಡುಗಿಯೋ? ಹುಡುಗರೆಲ್ಲ ಹುಡುಗ ಅಂದರು, ಹುಡುಗಿಯರೆಲ್ಲ ಹುಡುಗಿ ಅಂದರು. ಹತ್ತು ನಿಮಿಷ ಜಗಳ. ‘ನಾನು’ ಅನ್ನುವುದಕ್ಕೆ ಕನ್ನಡದಲ್ಲಿ ಗಂಡು ಹೆಣ್ಣು ಎಂಬ ಭೇದ ಇಲ್ಲ, ಈ ಐದು ಸಾಲಿನಿಂದ ಅದು ಗೊತ್ತಾಗುವುದೇ ಇಲ್ಲ ಅಂತ ಕೊನೆಗೆ ಅವರೇ ಕಂಡುಕೊಂಡರು. ‘ಗೊತ್ತಾಗಲ್ಲ’ ಅನ್ನುವುದೂ ಒಂದು ಸರಿಯುತ್ತರ ಆಗಬಹುದು ಅಂತ ಆ ಮಕ್ಕಳಿಗೆ ಅವತ್ತು ತಿಳಿಯಿತು. ಯಾವ ಗೈಡ್‌ನಲ್ಲೂ ಇಂಥ ಉತ್ತರ ಇರುವುದಿಲ್ಲ.

ಆಮೇಲೆ ಕೇಳಿದೆ. ‘ಮರಿ ಎಲ್ಲಿದೆ ಅಂತ ಹೇಳುವವರಿಗೆ ಗೊತ್ತಾ?’ ಗೊತ್ತಿಲ್ಲ. ‘ಅಣ್ಣನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾ?’ ಇಲ್ಲ. ‘ಉಣ್ಣೆ ಕಾಣಿಸಿತಾ?’ ಕಾಣಿಸಿತು. ಅಷ್ಟೇ. ಅಂಗಿಯ ಮೇಲಿನ ಉಣ್ಣೆ ಕಾಣುತ್ತದೆ, ಅಂಗಿಯ ಒಳಗಿನ ಎದೆ ಕಾಣುವುದಿಲ್ಲ. ತರಗತಿಗೆ ಮಾತ್ರ ಅಣ್ಣನೇ ಕಳ್ಳ ಅಂತ ಖಾತ್ರಿಯಾಗಿತ್ತು. ‘ಸರಿ, ಇದನ್ನೇ ಅಣ್ಣ ಹೇಳಿದರೆ ಹೇಗಿರುತ್ತೆ, ನಾಳೆ ಬರ್ಕೊಂಡು ಬನ್ನಿ’ ಅಂದೆ.

ಹಟ್ಟಿಯಿಂದ ಬರುತ್ತಿದ್ದ ಒಬ್ಬ ಹುಡುಗ, ಎರಡು ಸಾಲು ಬರೆಯಲೂ ಕಷ್ಟಪಡುತ್ತಿದ್ದವನು, ಹೀಗೆ ಬರೆದು ತಂದ. ‘ಅಪ್ಪ ಮರಿನ ಸಂತೆಗೆ ಹೊಡಕೊಂಡು ಹೋಗ್ತೀನಿ ಅಂದಿದ್ದ. ನಾನು ರಾತ್ರಿ ಎದ್ದು ಬಣವೆ ಹಿಂದೆ ಬಚ್ಚಿಟ್ಟೆ. ಅದು ಅರಚಬಾರದು ಅಂತ ತಬ್ಬಿಕೊಂಡು ಕೂತಿದ್ದೆ. ತಮ್ಮ ಕೇಳಿದಾಗ ಹೇಳಬೇಕು ಅನ್ನಿಸ್ತು. ಹೇಳಿದರೆ ಅವನು ಅಳ್ತಾನೆ, ಅಪ್ಪಂಗೆ ಗೊತ್ತಾಗುತ್ತೆ.’ ಇದನ್ನು ಗಟ್ಟಿಯಾಗಿ ಓದಿಸಿದೆ. ತರಗತಿ ಸುಮ್ಮನಾಯಿತು. ಆಮೇಲೆ ಯಾರೋ ಮೆಲ್ಲಗೆ ಅಂದರು, ‘ಹಂಗಾದ್ರೆ ಅಣ್ಣ ಕಳ್ಳ ಅಲ್ಲ.’

ಕುರಿಮರಿ ಅದೇ, ಬೆಳಗೂ ಅದೇ. ಹೇಳುವವನು ಬದಲಾದ, ಕಳ್ಳ ಕಾಪಾಡಿದವನಾದ. ಇದಕ್ಕಿಂತ ದೊಡ್ಡ ಕನ್ನಡ ಪಾಠ ನಾನು 31 ವರ್ಷದಲ್ಲಿ ಮಾಡಿಲ್ಲ. ಅದಕ್ಕೆ ಖರ್ಚಾದದ್ದು ಎರಡು ಪೀರಿಯಡ್ಡು, ಒಂದು ತುಂಡು ಸೀಮೆಸುಣ್ಣ.

ಇನ್ನೊಂದು ಚಿಕ್ಕ ಪದದ ಬಗ್ಗೆ ಹೇಳಲೇಬೇಕು. ಅದು ‘ಅಂತೆ’. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ.’ ಇದನ್ನು ನಾವು ಕಥೆಯ ಅಲಂಕಾರ ಅಂದುಕೊಂಡು ಬಿಟ್ಟುಬಿಡುತ್ತೇವೆ. ಆದರೆ ಅಜ್ಜಿ ಎಷ್ಟು ಪ್ರಾಮಾಣಿಕಳು ನೋಡಿ. ನಾನು ಅಲ್ಲಿರಲಿಲ್ಲ, ನಾನು ನೋಡಿದ್ದಲ್ಲ, ನನಗೆ ಯಾರೋ ಹೇಳಿದ್ದನ್ನು ನಿನಗೆ ಹೇಳುತ್ತಿದ್ದೇನೆ ಅಂತ ಪ್ರತಿ ವಾಕ್ಯದ ಕೊನೆಯಲ್ಲೂ ಒಪ್ಪಿಕೊಳ್ಳುತ್ತಾಳೆ. ‘ಬಂದ’ ಅಂದರೆ ಹೇಳುವವನು ತಾನೇ ಹೊಣೆ ಹೊತ್ತ. ‘ಬಂದನಂತೆ’ ಅಂದರೆ ಹೊಣೆ ಇನ್ನೊಬ್ಬರದು, ಅವರು ಯಾರು ಅಂತ ನೀನು ಕೇಳಬಹುದು. ಇಷ್ಟು ಒಳ್ಳೆಯ ಸಾಧನ ನಮ್ಮ ಮಾತಿನಲ್ಲೇ ಇದೆ. ನಾವು ಅದನ್ನು ಮಕ್ಕಳಿಗೆ ತೋರಿಸುವುದಿಲ್ಲ.

ತೋರಿಸದಿದ್ದರೆ ಏನಾಗುತ್ತದೆ? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜುಗಳು ಊರೂರು ಸುತ್ತಿದ್ದು ನಿಮಗೆ ನೆನಪಿರಬಹುದು. ಬೀದರ್ ಜಿಲ್ಲೆಯಲ್ಲಿ ಆ ಸುದ್ದಿ ನಂಬಿದ ಜನರ ಗುಂಪು ಒಬ್ಬ ಅಮಾಯಕ ಯುವಕನನ್ನು ಹೊಡೆದು ಸಾಯಿಸಿತು. ಆ ದಿನಗಳಲ್ಲಿ ನಮ್ಮ ಬೀದಿಯಲ್ಲೂ ಸಂಜೆ ಮಕ್ಕಳನ್ನು ಹೊರಗೆ ಬಿಡುತ್ತಿರಲಿಲ್ಲ. ನಾನು ಆಗ ಗಮನಿಸಿದ್ದು ಇದು. ಬಾಯಲ್ಲಿ ಹೇಳುವಾಗ ಹೆಂಗಸರು ‘ಬಂದಿದಾರಂತೆ’ ಅನ್ನುತ್ತಿದ್ದರು. ಫೋನಿನಲ್ಲಿ ಓದಿದರೆ ‘ಬಂದಿದ್ದಾರೆ’ ಅಂತಿತ್ತು. ಬಾಯಿಂದ ಫೋನಿಗೆ ಹೋಗುವಾಗ ಆ ‘ಅಂತೆ’ ಉದುರಿಹೋಗಿತ್ತು. ಯಾರು ಹೇಳಿದ್ದು, ಅವರು ನೋಡಿದ್ದರಾ ಅಂತ ಕೇಳುವ ಜಾಗವೇ ಇರಲಿಲ್ಲ. ಐದನೇ ತರಗತಿಯ ಕುರಿಮರಿ ಕಥೆಗೂ ಇದಕ್ಕೂ ದೂರ ಜಾಸ್ತಿ ಇಲ್ಲ ಅಂತ ನನಗೆ ಅನ್ನಿಸುತ್ತದೆ.

ಈಗ ನಮ್ಮ ಜಿಲ್ಲೆಯ ಒಂದು ಬಂಡೆಯ ವಿಷಯ. ಶಾಲೆಯ ಪ್ರವಾಸ ಅಂದರೆ ನಾವು ದೂರದ ಊರುಗಳ ಪಟ್ಟಿ ಮಾಡುತ್ತೇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. 2200 ವರ್ಷಕ್ಕೂ ಹಳೆಯದು. ಇತಿಹಾಸದ ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ‘ಹೇಳುತ್ತಿರುವವರು ಯಾರು’ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕರಿಹಲಗೆ ನಾಡಿನಲ್ಲೇ ಇಲ್ಲ.

ಅದು ಶುರುವಾಗುವುದು ಅಶೋಕನ ಮಾತಿನಿಂದಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು, ಅಂದರೆ ರಾಜಕುಮಾರ ಮತ್ತು ಹಿರಿಯ ಅಧಿಕಾರಿಗಳು, ಇಸಿಲ ಅನ್ನುವ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ. ನಾವು ಕಾಗದದಲ್ಲಿ ‘ಕ್ಷೇಮ’ ಅಂತ ಬರೆಯುತ್ತಿದ್ದೆವಲ್ಲ, ಹಾಗೆ. ಆಮೇಲೆ ‘ದೇವಾನಾಂಪ್ರಿಯ ಅಪ್ಪಣೆ ಕೊಡುತ್ತಾನೆ’ ಅಂತ ಬರುತ್ತದೆ. ದೇವಾನಾಂಪ್ರಿಯ ಅನ್ನುವುದು ಅಶೋಕನ ಬಿರುದು. ಅಲ್ಲಿಂದ ಮುಂದೆ ‘ನಾನು’ ಅನ್ನುವವನೇ ಬೇರೆ. ನಾನು ಉಪಾಸಕನಾಗಿ, ಅಂದರೆ ಬುದ್ಧನ ಅನುಯಾಯಿಯಾಗಿ, ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ ಅಂತ ರಾಜ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾನೆ. ಅಶೋಕ ಅನ್ನುವ ಹೆಸರು ಅಲ್ಲಿಲ್ಲ. ಕಟ್ಟಕಡೆಗೆ ಇನ್ನೊಬ್ಬ ಇಣುಕುತ್ತಾನೆ. ‘ಚಪಡ ಬರೆದ’ ಅಂತ. ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಅವನು ಶಾಸನದ ಬ್ರಾಹ್ಮಿ ಲಿಪಿ ಬಿಟ್ಟು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಒಂದು ಬಂಡೆ, ಮೂರು ದನಿ. ತಲುಪಿಸಿದವರು, ಹೇಳಿದವನು, ಬರೆದವನು. ಮಿಸ್, ಕಥೆಯೊಳಗಿನ ಹುಡುಗ, ಲೇಖಕರು ಅಂತ ನಾನು ಒದ್ದಾಡಿದ್ದೆನಲ್ಲ, ಅದೇ ಮೂರು.

ಅದೇ ಶಾಸನದಲ್ಲಿ ತಂದೆ ತಾಯಿಯ ಸೇವೆ ಮಾಡಬೇಕು, ನಿಜ ಹೇಳಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಅಂತಲೂ ಇದೆ. ಮಕ್ಕಳಿಗೆ ಅದೂ ಕೇಳಿಸಲಿ. ಆದರೆ ಮೊದಲು ಬಂಡೆಯ ಮುಂದೆ ನಿಲ್ಲಿಸಿ ‘ಇಲ್ಲಿ ನಾನು ಅಂದರೆ ಯಾರು’ ಅಂತ ಕೇಳಿ.

ಕೋಟೆಯ ಕಥೆ ಬಿಟ್ಟರೆ ದುರ್ಗದವಳಾಗಿ ನನಗೆ ಸಮಾಧಾನ ಆಗುವುದಿಲ್ಲ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವ ಜಯಂತಿ ಮಾಡುತ್ತಿದೆ. ಬಹಳ ಸಂತೋಷ. ಆದರೆ ಅವತ್ತು ಎಲ್ಲ ಶಾಲೆಗಳಲ್ಲೂ ಮಕ್ಕಳು ಒಂದೇ ಭಾಷಣ ಒಪ್ಪಿಸುತ್ತಾರೆ. ಅವಳು ಕಿಂಡಿಯ ಬಳಿ ಬಂದಳು, ಒನಕೆ ಎತ್ತಿದಳು, ಹೈದರಾಲಿಯ ಸೈನಿಕರನ್ನು ಕೊಂದಳು. ಈ ಕಥೆ ನಮಗೆ ಬಾಯಿಂದ ಬಾಯಿಗೆ ಬಂದದ್ದು. ಅದರಲ್ಲಿ ಓಬವ್ವನ ‘ನಾನು’ ಇಲ್ಲ. ಒಂದು ವರ್ಷ ನಾನು ನಾಲ್ಕು ಮಕ್ಕಳಿಗೆ ನಾಲ್ಕು ಬಾಯಿ ಕೊಟ್ಟೆ. ಒಬ್ಬಳು ಓಬವ್ವ. ಒಬ್ಬ ಊಟಕ್ಕೆ ಕೂತಿದ್ದ ಗಂಡ, ಕಾವಲುಗಾರ ಮುದ್ದಹನುಮ. ಒಬ್ಬ ಕಿಂಡಿಯೊಳಗೆ ತೆವಳುತ್ತಿರುವ ಸೈನಿಕ. ಒಬ್ಬಳು ಇವತ್ತು ಪ್ರವಾಸಿಗರಿಗೆ ಕಿಂಡಿ ತೋರಿಸುವ ಗೈಡ್. ಗಂಡನ ಪಾತ್ರದ ಹುಡುಗನಿಗೆ ಕಷ್ಟ ಆಯಿತು. ‘ಮಿಸ್, ನಾನು ಊಟ ಮಾಡ್ತಾ ಇದ್ದೆ, ನಂಗೆ ಏನೂ ಗೊತ್ತಿಲ್ಲ, ಏನು ಹೇಳಲಿ?’ ಅಂದ. ‘ಗೊತ್ತಿಲ್ಲದ್ದನ್ನು ಹೇಳಬೇಡ, ವಾಪಸ್ ಬಂದಾಗ ಕಂಡದ್ದನ್ನು ಹೇಳು’ ಅಂದೆ. ಅವನು ಹೇಳಿದ್ದು ಮೂರೇ ವಾಕ್ಯ. ಕೇಳಿದವರ ಕಣ್ಣು ತುಂಬಿತು. ಸೈನಿಕನ ಪಾತ್ರದವನು, ‘ಕತ್ತಲೆ. ಮುಂದೆ ಹೋದವನು ಯಾಕೆ ಕೂಗಿ ಹೇಳ್ತಿಲ್ಲ?’ ಅಂದ. ಅಷ್ಟೇ ಸಾಕಾಯಿತು.

ಇನ್ನು ನಾನು ಕೇಳಿಕೊಳ್ಳುವುದು.

ಪ್ರಾಥಮಿಕ ತರಗತಿಗಳ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಯಾರು ಯಾರಿಗೆ ಹೇಳಿದರು’ ಆದ ಮೇಲೆ ಒಂದು ಪ್ರಶ್ನೆ ಸೇರಿಸಿ. ಮಕ್ಕಳು ನೋಡಿರದ ನಾಲ್ಕೈದು ಸಾಲು ಕೊಡಿ. ‘ಇದನ್ನು ಹೇಳುತ್ತಿರುವವರು ಯಾರು? ಯಾವ ಪದದಿಂದ ಗೊತ್ತಾಯಿತು?’ ಅಂತ ಕೇಳಿ. ಎರಡನೆಯ ಭಾಗ ಬಹಳ ಮುಖ್ಯ. ಅದಿಲ್ಲದಿದ್ದರೆ ಊಹೆ ಮಾಡಿ ಬರೆಯುತ್ತಾರೆ. ಸಾಲುಗಳು ಪ್ರತಿ ಸಲ ಹೊಸದಾಗಿರಲಿ. ಪಠ್ಯದ ಸಾಲನ್ನೇ ಕೊಟ್ಟರೆ ಮೂರೇ ತಿಂಗಳಲ್ಲಿ ಗೈಡ್‌ಗೆ ಹೋಗುತ್ತದೆ. ದಯವಿಟ್ಟು ‘ನಿರೂಪಕ ಎಂದರೇನು?’ ಅಂತ ಮಾತ್ರ ಕೇಳಬೇಡಿ. ಕೇಳಿದ ದಿನವೇ ಅದು ಎರಡು ಅಂಕದ ವ್ಯಾಖ್ಯೆಯಾಗಿ ಬಾಯಿಪಾಠದ ಪಟ್ಟಿ ಸೇರುತ್ತದೆ. ಅದಕ್ಕಿಂತ ಕಲಿಸದೇ ಇರುವುದೇ ವಾಸಿ.

ಹೆಸರುಗಳ ಗೊಂದಲವೂ ಒಂದಿದೆ. ಇಂಗ್ಲಿಷ್ ಪೀರಿಯಡ್‌ನಲ್ಲಿ ‘ನಾನು’ ಅಂದರೆ ಫಸ್ಟ್ ಪರ್ಸನ್. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಪ್ರಥಮ ಅಂದರೆ ಫಸ್ಟ್ ಅಲ್ವಾ ಮಿಸ್ ಅಂತ ಮಕ್ಕಳು ಕೇಳುತ್ತಾರೆ. ಅವರ ತಪ್ಪೇನಿದೆ? ಐದನೇ ತರಗತಿಗೆ ಈ ಹೆಸರುಗಳೇ ಬೇಡ. ಕಥೆಯ ಒಳಗಿರುವವರು ಹೇಳುತ್ತಿದ್ದಾರೋ, ಹೊರಗಿರುವವರು ಹೇಳುತ್ತಿದ್ದಾರೋ. ಇಷ್ಟು ಸಾಕು.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಒಂದು ಅರ್ಧ ದಿನ ಇದಕ್ಕೆ ಕೊಡಿ. ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆ ಇದೆಯಲ್ಲ, ಅಲ್ಲಿ ಮಗು ಕಥೆ ಮುಗಿಸಿದ ಮೇಲೆ ತೀರ್ಪುಗಾರರು ‘ಇದನ್ನೇ ಇನ್ನೊಬ್ಬರ ಬಾಯಲ್ಲಿ ಎರಡು ನಿಮಿಷ ಹೇಳು’ ಅನ್ನಲಿ. ಪ್ರಬಂಧಕ್ಕೆ ‘ಹರಿದ ಛತ್ರಿಯ ಆತ್ಮಕಥೆ’ ಕೊಡುತ್ತೇವೆ. ಮಕ್ಕಳು ‘ನಾನೊಂದು ಛತ್ರಿ’ ಅಂತ ಶುರುಮಾಡಿ, ಅರ್ಧಕ್ಕೆ ಬರುವಾಗ ‘ಛತ್ರಿಯಿಂದ ನಮಗೆ ಅನೇಕ ಉಪಯೋಗಗಳಿವೆ’ ಅಂತ ಬರೆಯುತ್ತಾರೆ. ಛತ್ರಿ ಎಲ್ಲಿ ಹೋಯಿತು, ಈಗ ಯಾರು ಮಾತಾಡುತ್ತಿದ್ದಾರೆ ಅಂತ ಆ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆಯಿರಿ. ಹೊಸ ಪುಸ್ತಕ ಬೇಡ, ಅನುದಾನ ಬೇಡ, ಸರ್ಕಾರದ ಆದೇಶವೂ ಬೇಡ.

ಯಾವ ತಾಲ್ಲೂಕಿನ ಸಭೆಗೆ ಕರೆದರೂ ನಾನು ಬರುತ್ತೇನೆ. ಹಿರಿಯೂರಾಗಲಿ, ಹೊಸದುರ್ಗವಾಗಲಿ, ಮೊಳಕಾಲ್ಮೂರಾಗಲಿ, ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ಕುರಿಮರಿಯ ಐದು ಸಾಲು ಬರೆದ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಅಣ್ಣನ ಕಥೆ ಬರೆದ ಆ ಹುಡುಗನ ಹಾಳೆಯೂ ಇದೆ. ‘ಮಿಸ್’ ಅಂತ ಬರೆದ ಹುಡುಗಿಯ ಪೇಪರಿನಲ್ಲಿ ಸೊನ್ನೆ ಹೊಡೆದು ಹಾಕಿ ಪೂರ್ತಿ ಅಂಕ ಕೊಟ್ಟೆ. ಅದನ್ನು ಅವಳು ಮನೆಗೆ ತೆಗೆದುಕೊಂಡು ಹೋದಳು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ
ಚಿತ್ರದುರ್ಗ